ಅಂಬಾಸಿಡರ್ ಮಾರ್ಕ್ 2: ಇಕ್ಕಟ್ಟಿನ ಬಾನೆಟ್‌ನೊಳಗೆ ಮೂರು ಕವಲಿನ ಹೆಡರ್ ಕೂರಿಸುವುದು ಹೇಗೆ?

ಪ್ರಶ್ನೆ: ಹದಡಿ ರಸ್ತೆಯವ, ದಾವಣಗೆರೆ

ಎಲ್ಲರಿಗೂ ನಮಸ್ಕಾರ.

ನಮ್ಮ ತಂದೆಯವರ ಕಾಲದ 1971ರ ಅಂಬಾಸಿಡರ್ ಮಾರ್ಕ್ 2 ಕಾರನ್ನು ನಾನು ಇಂದಿಗೂ ಓಡಿಸುತ್ತಿದ್ದೇನೆ. ಎಂಜಿನ್ ಮೂಲದ್ದೇ, 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಪೆಟ್ರೋಲ್. ಅದರ ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಒಯ್ಯುವ ಭಾಗ) ನಡುವಿನ ಕಿಂಡಿಯ ಬಳಿ ಸೀಳಿದ್ದು, ಬೆಸುಗೆ ಹಾಕಿಸಿದ ಮೇಲೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳು ಕಾಣಿಸಿಕೊಂಡಿದೆ. ಗುಜರಿಯಲ್ಲಿ ಸಿಕ್ಕ ಮ್ಯಾನಿಫೋಲ್ಡ್‌ಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಆದುದರಿಂದ ಇದೇ ಎಂಜಿನ್ ಕುಟುಂಬದ ಎಂಜಿಬಿ ಕಾರಿಗೆಂದು ತಯಾರಾಗುವ ಮೂರು ಕವಲಿನ ಸ್ಟೀಲ್ ಹೆಡರ್ ಒಂದನ್ನು (ಮ್ಯಾನಿಫೋಲ್ಡ್‌ನ ಕೆಲಸವನ್ನೇ ಮಾಡುವ ಪೈಪುಗಳ ಜೋಡಣೆ) ತರಿಸಿಕೊಂಡಿದ್ದೇನೆ.

ಹೆಡ್‌ನ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ) ಕಡೆ ಅದು ಸರಿಯಾಗಿಯೇ ಕೂರುತ್ತದೆ. ಗ್ಯಾಸ್ಕೆಟ್ ಇಟ್ಟು ನೋಡಿದಾಗ ಮೂರು ಕಿಂಡಿಗಳೂ ಸ್ಟಡ್‌ಗಳ ರಂಧ್ರಗಳೂ ಹೊಂದಿಕೊಂಡವು. ತೊಂದರೆ ಇರುವುದು ಕೆಳಭಾಗದಲ್ಲಿ. ಪೈಪುಗಳು ಒಂದುಗೂಡುವ ಜಾಗ ಎಡಬದಿಯ ಚಾಸಿಸ್ ಮೆಂಬರ್‌ಗೆ ಒರಗಿದಂತೆ ನಿಲ್ಲುತ್ತದೆ. ಅತಿ ಕಡಿಮೆ ಇರುವಲ್ಲಿ ಸಂದು 4 ಮಿಮೀ. ಅಲ್ಲಿಂದ ಹಿಂದಕ್ಕೆ ತಿರುಗುವ ಪೈಪು ನೇರವಾಗಿ ಟಾರ್ಷನ್ ಬಾರ್‌ನ (ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಆಗಿರುವ ಉಕ್ಕಿನ ಸರಳಿನ) ಮೇಲೆ ಬಂದು ನಿಲ್ಲುತ್ತದೆ. ಇದಲ್ಲದೆ ಹೆಡರ್‌ನ ಫ್ಲ್ಯಾಂಜ್ (ಹೆಡ್‌ಗೆ ಬಿಗಿಯುವ ಚಪ್ಪಟೆ ಪಟ್ಟಿ) ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಎಂಜಿನ್ನಿಗೆ ಪೆಟ್ರೋಲ್-ಗಾಳಿ ಒಯ್ಯುವ ಭಾಗದ) ಫ್ಲ್ಯಾಂಜ್‌ಗಿಂತ ಸುಮಾರು 2 ಮಿಮೀ ತೆಳುವಾಗಿದೆ.

ಸೈಲೆನ್ಸರ್ ಅಂಗಡಿಯವರು ಪೈಪನ್ನು ಕಾಯಿಸಿ, ಬಡಿದು ಚಪ್ಪಟೆ ಮಾಡಿಕೊಡುವುದಾಗಿ ಹೇಳುತ್ತಾರೆ. ನಮ್ಮ ಮೆಕ್ಯಾನಿಕ್ ಮಾತ್ರ ಮೌಂಟಿಂಗ್‌ನ ಕೆಳಗೆ ತಗಡು ಕೊಟ್ಟು ಎಂಜಿನ್ನನ್ನೇ ಎತ್ತಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ನನಗೆ ಹೆಚ್ಚಿನ ಶಕ್ತಿಯ ಆಸೆಯಿಲ್ಲ. ಚಿತ್ರದುರ್ಗಕ್ಕೋ ಚನ್ನಗಿರಿ ಕಡೆಗೋ ಹೋಗಿಬರುವಾಗ ಹಂಪ್‌ಗಳಲ್ಲಿ ಪೈಪು ನೆಲಕ್ಕೆ ತಾಗದೆ, ಒಳಗೆ ಟಕಟಕ ಸದ್ದು ಮಾಡದೆ, ಸೋರದೆ ಇದ್ದರೆ ಸಾಕು. ಇವೆರಡರಲ್ಲಿ ಯಾವ ದಾರಿ ಸರಿ, ಅಥವಾ ಮೂರನೆಯದೊಂದು ದಾರಿ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ದುರ್ಗದ ಫಿಟ್ಟರ್, ಚಿತ್ರದುರ್ಗ

ಸರ್, ಎರಡೂ ಬೇಡ. ಮೊದಲು ಎಂಜಿನ್ ಎತ್ತುವ ಮಾತನ್ನು ಬದಿಗಿಡೋಣ. ಮುಂದಿನ ಮೌಂಟಿಂಗ್ ಎತ್ತರಿಸಿದರೆ ಫ್ಯಾನ್ ಮತ್ತು ರೇಡಿಯೇಟರ್ ನಡುವಿನ ಅಂತರ, ಪ್ರೊಪೆಲ್ಲರ್ ಶಾಫ್ಟ್‌ನ ಕೋನ, ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಗಳ ಹೊಂದಾಣಿಕೆ ಈ ಮೂರೂ ಒಟ್ಟಿಗೆ ಕೆಡುತ್ತವೆ. ಒಂದು ಪೈಪಿನ ಸಲುವಾಗಿ ಇಡೀ ಗಾಡಿಯ ಲೆಕ್ಕವನ್ನು ತಪ್ಪಿಸುವುದರಲ್ಲಿ ಅರ್ಥವಿಲ್ಲ.

ಚಪ್ಪಟೆ ಮಾಡುವುದು ಅಷ್ಟು ದೊಡ್ಡ ಅಪರಾಧವೇನಲ್ಲ. 38 ಮಿಮೀ ವ್ಯಾಸದ ಪೈಪನ್ನು ಒಂದು ಕಡೆಯಿಂದ 32 ಮಿಮೀಗೆ ಒತ್ತಿ ಮೊಟ್ಟೆಯಾಕಾರಕ್ಕೆ ತಂದರೆ ಒಳಗಿನ ದಾರಿ ಕಿರಿದಾಗುವುದು ಶೇ. 4ರಷ್ಟು ಮಾತ್ರ. ಆದರೆ ಸುತ್ತಿಗೆಯಿಂದ ಬಡಿದು ಒಂದೇ ಕಡೆ ಗುಳಿ ಬೀಳಿಸಿದರೆ ಅಲ್ಲಿ ಲೋಹ ತೆಳುವಾಗಿ ಮುಂದೆ ಅಲ್ಲೇ ಸೀಳುತ್ತದೆ. ಒಂದೆರಡು ಮಿಲಿಮೀಟರ್ ಸಾಲದೆ ಬಂದಾಗ ಮಾತ್ರ, ಪೈಪನ್ನು ಕೆಂಪಗೆ ಕಾಯಿಸಿ, ದುಂಡು ಸರಳನ್ನು ಅಡ್ಡವಿಟ್ಟು ವೈಸ್‌ನಲ್ಲಿ ನಿಧಾನವಾಗಿ ಒತ್ತಿಸಬಹುದು. ನಿಮ್ಮಲ್ಲಿ ಸಾಲದೆ ಬಂದಿರುವುದು ಅದಕ್ಕಿಂತ ಬಹಳ ಹೆಚ್ಚು.

ಏಕೆಂದರೆ ನೀವು ಅಳೆದ 4 ಮಿಮೀ ಎಂಬುದು ತಣ್ಣಗೆ ನಿಂತ ಎಂಜಿನ್ನಿನ ಲೆಕ್ಕ. ಓಡುವ ಎಂಜಿನ್ ಎರಡು ರೀತಿಯಲ್ಲಿ ಜಾಗ ಕೇಳುತ್ತದೆ. ಮೊದಲನೆಯದು ಬಿಸಿಯ ಹಿಗ್ಗುವಿಕೆ. 1 ಮೀಟರ್ ಉದ್ದದ ಸಾಧಾರಣ ಉಕ್ಕಿನ ಪೈಪು 400 ಡಿಗ್ರಿ ಬಿಸಿ ಏರಿದಾಗ ಸುಮಾರು 5 ಮಿಮೀ ಉದ್ದವಾಗುತ್ತದೆ. ಅದೇ 304 ದರ್ಜೆಯ ಸ್ಟೇನ್‌ಲೆಸ್ ಆದರೆ 7 ಮಿಮೀ ಹತ್ತಿರ. ಎರಡನೆಯದು ರಬ್ಬರ್ ಮೌಂಟಿಂಗ್‌ಗಳ ಮೇಲೆ ಎಂಜಿನ್ ಹೊರಳುವುದು. ಈ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್‌ಗಳು ಎಡಕ್ಕಿವೆ. ಮೊದಲ ಗೇರ್‌ನಲ್ಲಿ ಭಾರ ಎಳೆಯುವಾಗ ಎಂಜಿನ್ನಿನ ಎಡಬದಿ ಮೇಲಕ್ಕೇಳುತ್ತದೆ, ರಿವರ್ಸ್‌ನಲ್ಲಿ ಅದೇ ಬದಿ ಕೆಳಕ್ಕೆ ಕುಸಿಯುತ್ತದೆ. ಆದ್ದರಿಂದ ಮುಂದಕ್ಕೆ ಹೋಗುವಾಗ ತಾಗದ ಪೈಪು, ಮನೆಯ ಮುಂದಿನ ಏರಿನಲ್ಲಿ ಹಿಂದಕ್ಕೆ ತೆಗೆಯುವಾಗ ಟಾರ್ಷನ್ ಬಾರ್‌ಗೆ ಕುಟ್ಟುವುದುಂಟು. ಮೌಂಟಿಂಗ್ ರಬ್ಬರ್ ಹಳೆಯದಾಗಿದ್ದರೆ ಈ ಹೊರಳಾಟ ಇನ್ನೂ ಹೆಚ್ಚು. ಹಾಗಾಗಿ ಮೊದಲು ರಬ್ಬರ್‌ಗಳನ್ನು ಬದಲಿಸಿ, ಆಮೇಲೆ ಅಳತೆಗೆ ಕೈಹಾಕಿ. ಹಳೇ ರಬ್ಬರಿನ ಮೇಲೆ ತೆಗೆದ ಅಳತೆ ಯಾವ ಕೆಲಸಕ್ಕೂ ಬಾರದು.

ಪರೀಕ್ಷಿಸುವ ವಿಧಾನ ಹೀಗಿದೆ. ಹೆಡರ್ ಬಿಗಿದ ಮೇಲೆ, ಎಂಜಿನ್ ತಣ್ಣಗಿರುವಾಗಲೇ, ಅನುಮಾನವಿರುವ ಪ್ರತಿ ಸಂದಿನಲ್ಲಿ ಮೆತ್ತನೆಯ ಜೇಡಿಮಣ್ಣಿನ ಉಂಡೆ ಇಡಿ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಬ್ರೇಕ್ ಒತ್ತಿಕೊಂಡು ಕೂತು, ಮೊದಲ ಗೇರ್ ಹಾಕಿ ಎಂಜಿನ್ ತುಸು ಒದ್ದಾಡುವಷ್ಟು ಮಾತ್ರ ಕ್ಲಚ್ ಬಿಡಲಿ; ಆಮೇಲೆ ರಿವರ್ಸ್‌ನಲ್ಲೂ ಹಾಗೆಯೇ. ನೀವು ಕಾರಿನ ಮುಂದೆಯೂ ನಿಲ್ಲಬೇಡಿ, ಹಿಂದೆಯೂ ನಿಲ್ಲಬೇಡಿ. ಒಂದು ನಿಮಿಷದೊಳಗೆ ಎಂಜಿನ್ ಆರಿಸಿ ಉಂಡೆಗಳನ್ನು ಬ್ಲೇಡಿನಿಂದ ಕೊಯ್ದು ನೋಡಿದರೆ, ಎಲ್ಲೆಲ್ಲಿ ಎಷ್ಟು ಸಂದು ಉಳಿಯಿತು ಎಂಬುದು ಆ ಮಣ್ಣಿನ ದಪ್ಪದಲ್ಲೇ ಸಿಗುತ್ತದೆ. ಎಂಜಿನ್ ಹೊರಳಿದ ಸ್ಥಿತಿಯಲ್ಲೂ ಉಕ್ಕಿನ ಭಾಗಗಳಿಂದ 10–12 ಮಿಮೀ, ರಬ್ಬರ್ ಹೋಸ್ ಮತ್ತು ವೈರಿಂಗ್‌ನಿಂದ ಕನಿಷ್ಠ 25 ಮಿಮೀ ಉಳಿಯದ ಹೆಡರನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಫ್ಲ್ಯಾಂಜ್ ವಿಷಯ ಇದಕ್ಕಿಂತಲೂ ಮುಖ್ಯ. ಬಿ-ಸೀರೀಸ್‌ನಲ್ಲಿ ಒಂದೇ ಸ್ಟಡ್‌ನ ದಪ್ಪ ವಾಷರ್ ಅರ್ಧ ಇನ್‌ಟೇಕ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ ಕೂತು ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಒಂದು ಫ್ಲ್ಯಾಂಜ್ 2 ಮಿಮೀ ತೆಳುವಾಗಿದ್ದರೆ ವಾಷರ್ ವಾಲಿಕೊಂಡು ದಪ್ಪಗಿರುವುದನ್ನಷ್ಟೇ ಒತ್ತುತ್ತದೆ, ತೆಳುವಾದದ್ದು ಸೋರುತ್ತದೆ. ಎಷ್ಟು ಬಿಗಿದರೂ ಇದು ಸರಿಹೋಗುವುದಿಲ್ಲ. ಅತಿಯಾಗಿ ಬಿಗಿದರೆ ಸ್ಟಡ್ ಕಿತ್ತು ಬರುತ್ತದೆ. ಲೇತ್‌ನಲ್ಲಿ ಒಂದು ಕಡೆ 2 ಮಿಮೀ ಮೆಟ್ಟಿಲಿರುವ ವಾಷರ್‌ಗಳನ್ನು ದಪ್ಪ ಉಕ್ಕಿನಿಂದ ಮಾಡಿಸಿಕೊಳ್ಳಿ.

ಉತ್ತರ: ಎರಕದ ಪಕ್ಷಪಾತಿ, ದಾವಣಗೆರೆ

ಫಿಟ್ಟರ್ ಅವರ ಮಾತು ತಾಂತ್ರಿಕವಾಗಿ ಸರಿಯಿದೆ. ಆದರೂ ಪ್ರಶ್ನೆ ಕೇಳಿದವರು ಶಕ್ತಿ ಬೇಡವೆಂದು ತಾವೇ ಹೇಳಿರುವುದರಿಂದ, ಹೆಡರ್ ಏಕೆ ಬೇಕು ಎಂದು ಕೇಳುವ ಧೈರ್ಯ ಮಾಡುತ್ತಿದ್ದೇನೆ.

ಈ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗಳಿಗೆ ಎಕ್ಸಾಸ್ಟ್ ಕಿಂಡಿಗಳಿರುವುದು ಮೂರೇ. ನಡುವಿನ 2 ಮತ್ತು 3ನೇ ಸಿಲಿಂಡರ್‌ಗಳು ಹೆಡ್‌ನ ಒಳಗೇ ಸೇರಿಕೊಂಡು ಒಂದೇ ಬಾಯಿಯಿಂದ ಹೊಗೆ ಬಿಡುತ್ತವೆ. 1-3-4-2 ಎಂಬ ಫೈರಿಂಗ್ ಕ್ರಮದಲ್ಲಿ ಈ ಎರಡರ ನಡುವೆ ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ಹಾಕಿರುತ್ತದೆ. ಅದರಿಂದಲೇ ಒಳ್ಳೆಯ ಹೆಡರ್ ಮಾಡುವವರು 1 ಮತ್ತು 4ರ ಪೈಪುಗಳನ್ನು ಮೊದಲು ಜೋಡಿಸಿ, ನಡುವಿನ ಪೈಪನ್ನು ಉದ್ದಕ್ಕೆ ಬೇರೆಯಾಗಿಯೇ ಇಳಿಸಿ, ಬಹಳ ಕೆಳಗೆ ಹೋಗಿ ಎರಡನ್ನೂ ಸೇರಿಸುತ್ತಾರೆ. ಆ ಉದ್ದವೇ ಅದರ ಗುಣ. ಜಾಗವಿಲ್ಲವೆಂದು ಆ ಉದ್ದವನ್ನು ಕತ್ತರಿಸಿ ಮೇಲೆಯೇ ಸೇರಿಸಿದರೆ, ಮೂಲ ಕ್ಯಾಮ್ ಮತ್ತು ಒಂದೇ ಕಾರ್ಬುರೇಟರ್ ಇರುವ ಎಂಜಿನ್ನಿಗೆ ಅದರಿಂದ ಸಿಗುವ ಲಾಭ ಹೇಳಿಕೊಳ್ಳುವಂಥದ್ದಲ್ಲ.

ನಿಮ್ಮ ಎರಕದ ಮ್ಯಾನಿಫೋಲ್ಡ್ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳಿತೆಂದರೆ, ಅದನ್ನು ಕಾಯಿಸದೆ ತಣ್ಣಗಿರುವಾಗಲೇ ಬೆಸೆದಿರುವ ಸಾಧ್ಯತೆ ಹೆಚ್ಚು. ಎರಕದ ಕಬ್ಬಿಣದ ಸೀಳಿನ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದು ಸೀಳು ಮುಂದುವರಿಯದಂತೆ ನಿಲ್ಲಿಸಬೇಕು, ಸೀಳನ್ನು ವಿ ಆಕಾರಕ್ಕೆ ತೋಡಬೇಕು, ಇಡೀ ತುಂಡನ್ನು ಒಲೆಯಲ್ಲಿ ಸಮನಾಗಿ ಕಾಯಿಸಿ ನಿಕಲ್ ರಾಡ್‌ನಿಂದ ಚಿಕ್ಕ ಚಿಕ್ಕ ಉದ್ದದಲ್ಲಿ ಬೆಸೆಯಬೇಕು. ಆಮೇಲೆ ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು, ಮರುದಿನದವರೆಗೆ ತಾನಾಗಿ ಆರಲು ಬಿಡಬೇಕು. ಕೊನೆಗೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡರ ಮುಖವನ್ನೂ ಒಟ್ಟಿಗೆ ಕಟ್ಟಿ ಒಂದೇ ಸಲಕ್ಕೆ ಗ್ರೈಂಡಿಂಗ್ ಮಾಡಿಸಬೇಕು. ಇಷ್ಟನ್ನು ಮಾಡಿಸಿದರೆ ಜಾಗದ ಪ್ರಶ್ನೆಯೇ ಏಳುವುದಿಲ್ಲ, ಬಾನೆಟ್ ತೆರೆದಾಗ ಕಾರು ಕಾರಿನಂತೆಯೇ ಕಾಣುತ್ತದೆ.

ಪ್ರಶ್ನೆ ಕೇಳಿದವರಿಂದ: ಹದಡಿ ರಸ್ತೆಯವ

ಇಬ್ಬರಿಗೂ ಧನ್ಯವಾದಗಳು. ಎರಕದ ಮ್ಯಾನಿಫೋಲ್ಡನ್ನು ಲೇತ್ ಅಂಗಡಿಯಲ್ಲಿ ತೋರಿಸಿದೆ. ನಡುವಿನ ಕಿಂಡಿಯ ಸೀಳು ಫ್ಲ್ಯಾಂಜ್‌ನ ಒಳಕ್ಕೂ ಹಬ್ಬಿದ್ದು, ಹಳೆಯ ಬೆಸುಗೆಯನ್ನು ತೋಡಿ ತೆಗೆದರೆ ಒಳ್ಳೆಯ ಲೋಹ ಉಳಿಯುವುದು ಅನುಮಾನ ಎಂದರು. ಆದ್ದರಿಂದ ಹೆಡರ್ ದಾರಿಯನ್ನೇ ಹಿಡಿದಿದ್ದೇನೆ. ಹಳೆಯದನ್ನು ಎಸೆಯದೆ ಇಟ್ಟುಕೊಂಡಿದ್ದೇನೆ.

ಮೌಂಟಿಂಗ್ ರಬ್ಬರ್‌ಗಳನ್ನು ಬದಲಿಸಿ ಜೇಡಿಮಣ್ಣಿನ ಪರೀಕ್ಷೆ ಮಾಡಿದೆವು. ಚಾಸಿಸ್ ಮೆಂಬರ್ ಬಳಿ ಮೊದಲ ಗೇರ್‌ನಲ್ಲಿ ಸಂದು ಉಳಿಯಿತು, ರಿವರ್ಸ್‌ನಲ್ಲಿ ಮಣ್ಣು ಪೂರ್ತಿ ಹಿಂಡಿಹೋಗಿ ಲೋಹ ಲೋಹಕ್ಕೆ ತಾಗಿತ್ತು. ಟಾರ್ಷನ್ ಬಾರ್ ಬಳಿಯಂತೂ ಪರೀಕ್ಷೆಯ ಅಗತ್ಯವೇ ಇರಲಿಲ್ಲ. ಮೇಲಿನ ಭಾಗ, ಅಂದರೆ ಫ್ಲ್ಯಾಂಜ್‌ನಿಂದ ಒಂದು ಗೇಣಿನವರೆಗೆ, ಎಲ್ಲಿಯೂ ತೊಡಕಿಲ್ಲ. ಇನ್ನು ಕತ್ತರಿಸುವುದಾದರೆ ಎಲ್ಲಿ ಕತ್ತರಿಸಬೇಕು? ಕಾರ್ಬುರೇಟರ್ ಹೆಡರ್‌ಗೆ ನೇರ ಮೇಲಿರುವುದರಿಂದ ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಪೆಟ್ರೋಲ್ ಕುದಿಯುವ ಭಯವೂ ಇದೆ.

ಉತ್ತರ: ಬಿಸಿಲೂರಿನ ಫಿಯಟ್, ದಾವಣಗೆರೆ

ಅಣ್ಣಾವ್ರೇ, ನನ್ನದು ಬೇರೆ ಕಾರು, ಆದರೂ ಬಿಸಿಯ ಕಾಟ ಒಂದೇ. ಎರಕದ ದಪ್ಪ ಮ್ಯಾನಿಫೋಲ್ಡ್‌ಗೆ ಹೋಲಿಸಿದರೆ 1.6 ಮಿಮೀ ದಪ್ಪದ ಪೈಪಿನ ಹೊರಮೈ ಬೇಗ ಕಾಯುತ್ತದೆ. ಓಡುವಾಗ ಗಾಳಿ ಬೀಸುವುದರಿಂದ ತೊಂದರೆ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಬಂದು, ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ಅಥವಾ ಕಾಫಿಗೆಂದು ಎಂಜಿನ್ ಆರಿಸಿ ಕಾಲು ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡುವಾಗ ಅದು ಕಾಣಿಸಿಕೊಳ್ಳುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಶುದ್ಧ ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ. ಎಥನಾಲ್ ಹಳೆಯ ರಬ್ಬರ್ ಹೋಸನ್ನೂ ಮೆತ್ತಗಾಗಿಸುತ್ತದೆ. ಹೋಸ್ ಸೋರಿದರೆ ಹನಿ ಬೀಳುವುದು ಕಾದ ಹೆಡರ್‌ನ ಮೇಲೆಯೇ, ಆದುದರಿಂದ ಮಿಕ್ಕ ಕೆಲಸಕ್ಕೆ ಮೊದಲು ಎಥನಾಲ್ ತಾಳುವ ಹೋಸ್ ಹಾಕಿಸಿಕೊಳ್ಳಿ.

ನಾನು ಮೆಚ್ಚುವ ಕ್ರಮವೆಂದರೆ ಕಾರ್ಬುರೇಟರ್‌ನ ಅಡಿಗೆ ಹೈಲಮ್ ಶೀಟಿನ (ಬಿಸಿ ದಾಟಲು ಬಿಡದ ಗಟ್ಟಿ ಹಾಳೆಯ) ದಪ್ಪ ತುಂಡು ಕೊಡುವುದು, ಅದರ ಮತ್ತು ಹೆಡರ್‌ನ ನಡುವೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟುವುದು. ಆ ತಗಡು ಹೆಡರ್‌ಗೂ ತಾಗಬಾರದು, ಕಾರ್ಬುರೇಟರ್‌ಗೂ ತಾಗಬಾರದು. ಎರಡೂ ಕಡೆ ಗಾಳಿ ಓಡಾಡಿದರೆ ಮಾತ್ರ ಅದು ಮರೆ. ತಾಗಿದರೆ ಅದೇ ದೋಸೆ ಹಂಚು. ಪೆಟ್ರೋಲ್ ಪಂಪ್ ಎಂಜಿನ್ನಿನ ಅದೇ ಬದಿಗಿದ್ದರೆ ಅದಕ್ಕೂ ಇಂಥದ್ದೇ ಒಂದು ತಗಡು ಬೇಕಾಗುತ್ತದೆ. ಕಾರ್ಬುರೇಟರ್ ಎತ್ತರಿಸಿದ ಮೇಲೆ ಏರ್ ಫಿಲ್ಟರ್ ಬಾನೆಟ್‌ಗೆ ತಾಗದೇ ಎಂಬುದನ್ನೂ ನೋಡಿಕೊಳ್ಳಿ.

ಹೆಡರ್‌ಗೆ ಬಟ್ಟೆಯಂಥ ಹೀಟ್ ರ‍್ಯಾಪ್ ಸುತ್ತುವುದನ್ನು ಹಲವರು ಶಿಫಾರಸು ಮಾಡುತ್ತಾರೆ. ಬಿಸಿಯನ್ನು ತಡೆಯುವುದು ನಿಜ, ಆದರೆ ಮಳೆಗಾಲದಲ್ಲಿ ಅದು ತೇವ ಹಿಡಿದಿಟ್ಟುಕೊಂಡು ಸಾಧಾರಣ ಉಕ್ಕಿನ ಪೈಪನ್ನು ಒಳಗಿಂದೊಳಗೇ ತಿನ್ನುತ್ತದೆ. ಸೆರಾಮಿಕ್ ಕೋಟಿಂಗ್ ಸಿಕ್ಕರೆ ಅದೇ ಲೇಸು, ಆದರೆ ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆ. ಹಳೆಯ ಅಂಗಡಿಗಳಲ್ಲಿ ಈಗಲೂ ಸಿಗುವ ಆಸ್ಬೆಸ್ಟಾಸ್ ಹಗ್ಗವನ್ನು ಮಾತ್ರ ಮುಟ್ಟಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಉತ್ತರ: ದುರ್ಗದ ಫಿಟ್ಟರ್, ಚಿತ್ರದುರ್ಗ

ಎಲ್ಲಿ ಕತ್ತರಿಸಬೇಕೆಂದು ಕೇಳಿದ್ದೀರಿ. ಮೇಲಿನ ಒಂದು ಗೇಣು ಸರಿಯಿದೆ ಎಂದ ಮೇಲೆ ಉತ್ತರ ಅದರಲ್ಲೇ ಇದೆ. ಪೈಪುಗಳು ನೇರವಾಗಿ ಕೆಳಗಿಳಿಯುವ, ಬಾಗು ಇನ್ನೂ ಶುರುವಾಗದ ಕಡೆ ಗುರುತು ಹಾಕಿ ಕತ್ತರಿಸಿ. ಬಾಗಿನ ಮೇಲೆ ಕತ್ತರಿಸಿದರೆ ತುದಿ ಮೊಟ್ಟೆಯಾಕಾರವಾಗಿ ಹೊಸ ಪೈಪಿನೊಂದಿಗೆ ಮುಖ ಕೂಡುವುದಿಲ್ಲ. ಕೆಳಗಿನ ಅರ್ಧವನ್ನು ಹೊಸದಾಗಿಯೇ ಮಾಡಿಸಬೇಕು. ಅದಕ್ಕೆ ಮೊದಲು ದಪ್ಪ ಕಬ್ಬಿಣದ ತಂತಿಯನ್ನು ಬಾಗಿಸಿ ಮಾದರಿ ಮಾಡಿಕೊಳ್ಳಿ: ತಂತಿ ಪೈಪಿನ ನಡುಗೆರೆ ಎಂದು ಭಾವಿಸಿ, ಅದರ ಸುತ್ತ ಪೈಪಿನ ವ್ಯಾಸದ ರಟ್ಟಿನ ಬಿಲ್ಲೆಗಳನ್ನು ಅಲ್ಲಲ್ಲಿ ಪೋಣಿಸಿದರೆ ಎಲ್ಲಿ ತಾಗುತ್ತದೆ ಎಂಬುದು ಒಂದು ರೂಪಾಯಿಯ ಉಕ್ಕು ಹಾಳಾಗದೆ ಗೊತ್ತಾಗುತ್ತದೆ. ಹೊಸ ದಾರಿ ಗೇರ್‌ಬಾಕ್ಸ್ ಮತ್ತು ಟಾರ್ಷನ್ ಬಾರ್‌ನ ನಡುವೆ, ಗೇರ್‌ಬಾಕ್ಸ್‌ಗೆ ಹತ್ತಿರವಾಗಿ ಹೋಗಲಿ. ಗೇರ್‌ಬಾಕ್ಸ್ ಎಂಜಿನ್ನಿನ ಜೊತೆಗೇ ಹೊರಳುತ್ತದೆ, ಆದ್ದರಿಂದ ಅಲ್ಲಿ ಸಂದು ಕಡಿಮೆಯಿದ್ದರೂ ನಡೆಯುತ್ತದೆ. ಟಾರ್ಷನ್ ಬಾರ್ ಮಾತ್ರ ಕಾರಿನ ಮೈಗೆ ಸೇರಿದ್ದು, ಅಲ್ಲಿ ರಿಯಾಯಿತಿ ಇಲ್ಲ. ಎರಕದ ಪಕ್ಷಪಾತಿಗಳು ಹೇಳಿದ ನಡುವಿನ ಉದ್ದ ಪೈಪನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಿ. ಸೇರುವ ಜಾಗ ಒಂದು ಗೇಣು ಹಿಂದಕ್ಕೆ ಹೋದರೆ ಅದು ಚಾಸಿಸ್ ಮೆಂಬರ್‌ನಿಂದಲೂ ದೂರವಾಗುತ್ತದೆ, ಅವರಿಗೂ ಸಮಾಧಾನವಾಗುತ್ತದೆ. ಆದರೆ ಯಾವ ಬಿಂದುವೂ ಗೇರ್‌ಬಾಕ್ಸ್‌ನ ಅಡಿಗಿಂತ ಕೆಳಗಿಳಿಯಬಾರದು, ಇಳಿದರೆ ಚನ್ನಗಿರಿ ರಸ್ತೆಯ ಹಂಪ್‌ಗಳು ಅದನ್ನು ಹುಡುಕಿಕೊಂಡು ಬರುತ್ತವೆ.

ಬಾಗುಗಳನ್ನು ಮ್ಯಾಂಡ್ರೆಲ್ ಯಂತ್ರದಲ್ಲಿ ಬಾಗಿಸಿದ ಸಿದ್ಧ ತುಂಡುಗಳಾಗಿ ತರಿಸಿಕೊಳ್ಳುವುದು ಸುಲಭ. ಸಿಗದಿದ್ದರೆ ಪೈಪಿಗೆ ಚೆನ್ನಾಗಿ ಒಣಗಿದ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಗ್ಯಾಸ್‌ನಲ್ಲಿ ಕಾಯಿಸಿ ಬಾಗಿಸುವ ಹಳೆಯ ವಿಧಾನ ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮರಳು ಹಸಿಯಾಗಿದ್ದರೆ ಉಗಿಯ ಒತ್ತಡಕ್ಕೆ ಮುಚ್ಚಳ ಸಿಡಿದು ಅನಾಹುತವಾಗುತ್ತದೆ, ಎಚ್ಚರ. ಕಾರಿನ ಮೇಲೆ ಟ್ಯಾಕ್ (ಚುಕ್ಕೆ ಬೆಸುಗೆ) ಮಾತ್ರ ಹಾಕಿ, ಹೊರಗೆ ತೆಗೆದು ಪೂರ್ತಿ ಆರ್ಗಾನ್ ವೆಲ್ಡಿಂಗ್ ಮಾಡಿಸಿ. ನಿಮ್ಮೂರಿನಲ್ಲಿ ಹೋಟೆಲ್‌ಗಳಿಗೆ ಸ್ಟೀಲ್ ಮೇಜು, ತೊಟ್ಟಿ ಮಾಡಿಕೊಡುವ ಆರ್ಗಾನ್ ವೆಲ್ಡರ್‌ಗಳ ಕೈ ಬಹಳ ಸೈಲೆನ್ಸರ್ ಅಂಗಡಿಗಳಿಗಿಂತ ಚೊಕ್ಕವಾಗಿರುತ್ತದೆ. ಪೂರ್ತಿ ವೆಲ್ಡಿಂಗ್ ಮಾಡುವಾಗ ಫ್ಲ್ಯಾಂಜನ್ನು ದಪ್ಪ ಪ್ಲೇಟಿಗೆ ಬೋಲ್ಟ್ ಮಾಡಿಯೇ ಮಾಡಬೇಕು. ಇಲ್ಲದಿದ್ದರೆ ಅದು ಬಿಲ್ಲಿನಂತೆ ಬಾಗಿ, ಹೆಡ್ ಮೇಲೆ ಕೂರುವುದಿಲ್ಲ.

ಟ್ಯಾಕ್ ಹಾಕುವಾಗ ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲ್ ಪೈಪನ್ನು ಮುಚ್ಚಿ ದೂರ ಸರಿಸಿ. ಅರ್ಥ್ ಕ್ಲ್ಯಾಂಪನ್ನು ಪೈಪಿಗೇ ಹಾಕಿ. ಟಾರ್ಷನ್ ಬಾರ್‌ಗೆ ಒದ್ದೆ ಗೋಣಿ ಹೊದಿಸಿ. ಅದು ಗಟ್ಟಿ ಮಾಡಿದ ಸ್ಪ್ರಿಂಗ್ ಉಕ್ಕು. ಅದರ ಮೇಲೆ ಒಂದು ಕಿಡಿ ಅಂಟಿದರೂ ಸಾಕು, ಸೀಳು ಅಲ್ಲಿಂದಲೇ ಶುರುವಾಗಬಹುದು.

ಇಷ್ಟೆಲ್ಲ ಬಿಚ್ಚಿರುವಾಗ ಮ್ಯಾನಿಫೋಲ್ಡ್‌ಗಳ ಹಿಂದಿರುವ ಟ್ಯಾಪೆಟ್ ಕವರ್‌ಗಳ ಕಾರ್ಕ್ ಪ್ಯಾಕಿಂಗನ್ನೂ ಬದಲಿಸಿಬಿಡಿ. ಹೆಡರ್ ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ, ಅದು ಸೋರಿದರೆ ಆಯಿಲ್ ಬೀಳುವುದು ಕಾದ ಪೈಪಿನ ಮೇಲೆ. ಈ ಎಂಜಿನ್ನಿನಲ್ಲಿ ಪ್ಲಗ್‌ಗಳು ಎದುರು ಬದಿಯಲ್ಲಿರುವುದು ಮಾತ್ರ ನಮ್ಮ ಪುಣ್ಯ.

ಉತ್ತರ: ಕಡತ ನೋಡುವವ, ದಾವಣಗೆರೆ

ಕಾನೂನಿನ ಬಗ್ಗೆ ಯಾರೂ ಹೇಳದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯಲ್ಲಿ ಪ್ರತಿಯೊಂದಕ್ಕೆ 5,000 ರೂ. ದಂಡ, ಆರು ತಿಂಗಳವರೆಗಿನ ಸಜೆ ಅಥವಾ ಎರಡೂ ಇವೆ. ಹಾಗಾಗಿ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿಕೊಳ್ಳುವುದು ಕ್ಷೇಮ. ಸೈಲೆನ್ಸರ್ ಮೂಲದ್ದೇ ಇರಲಿ, ಸದ್ದು ಹೆಚ್ಚಾದರೆ ಅದಕ್ಕೆ ಬೇರೆ ದಂಡವಿದೆ. ಹೊಗೆ ತಪಾಸಣೆಯಲ್ಲಿ ಈ ಕಾಲದ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3. ಹೆಡರ್ ಹಾಕಿದ ಮೇಲೆ ಮಿಶ್ರಣವನ್ನು ಮತ್ತೊಮ್ಮೆ ಹೊಂದಿಸಿಯೇ ತಪಾಸಣೆಗೆ ಹೋಗಿ.

ಇನ್ನೊಂದು ಮುಖ್ಯ ಸಂಗತಿ. 1971ರ ಕಾರು 50 ವರ್ಷ ದಾಟಿರುವುದರಿಂದ 2021ರ ವಿಂಟೇಜ್ ನೋಂದಣಿ ನಿಯಮಗಳ ವ್ಯಾಪ್ತಿಗೆ ಬರಬಹುದು. ಶುಲ್ಕ 20,000 ರೂ., ಅವಧಿ 10 ವರ್ಷ. ಆದರೆ ದಿನಬಳಕೆಗೆ ಅವಕಾಶವಿಲ್ಲ. ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದೆಂಬ ಷರತ್ತೂ ಇದೆ. ಮುಂದೆ ಆ ಕಡೆ ಹೋಗುವ ಮನಸ್ಸಿದ್ದರೆ ಚಾಸಿಸ್ ಮೆಂಬರನ್ನು ಕೊಯ್ಯುವುದೋ ತಗ್ಗಿಸುವುದೋ ಬೇಡವೇ ಬೇಡ. ಬಿಚ್ಚಿ ತೆಗೆಯಬಹುದಾದ ಹೆಡರ್ ಹಾಗೂ ನೀವು ಇಟ್ಟುಕೊಂಡಿರುವ ಹಳೆಯ ಮ್ಯಾನಿಫೋಲ್ಡ್ ಆಗ ಪ್ರಯೋಜನಕ್ಕೆ ಬರುತ್ತವೆ.

ಪ್ರಶ್ನೆ ಕೇಳಿದವರಿಂದ: ಹದಡಿ ರಸ್ತೆಯವ

ಚಾಸಿಸ್ ಮೆಂಬರನ್ನು ಮುಟ್ಟುವುದಿಲ್ಲ, ಆರ್‌ಟಿಒ ಕಚೇರಿಗೂ ಅರ್ಜಿ ಕೊಡುತ್ತೇನೆ. ತಂತಿಯ ಮಾದರಿ ಸಿದ್ಧವಾಗಿದೆ. ಗೇರ್‌ಬಾಕ್ಸ್ ಪಕ್ಕದ ದಾರಿಯಲ್ಲಿ ಟಾರ್ಷನ್ ಬಾರ್‌ನಿಂದ 15 ಮಿಮೀ ಸಿಗುತ್ತಿದೆ. ಒಂದೇ ಅನುಮಾನ ಉಳಿದಿದೆ. ಕೆಳಗಿನ ಉದ್ದ ಪೈಪಿನ ಭಾರವೆಲ್ಲ ಹೆಡ್‌ನ ಸ್ಟಡ್‌ಗಳ ಮೇಲೆ ಬೀಳುವುದಿಲ್ಲವೇ?

ಉತ್ತರ: ದುರ್ಗದ ಫಿಟ್ಟರ್, ಚಿತ್ರದುರ್ಗ

ಬೀಳುತ್ತದೆ, ಹಾಗಾಗಿ ಬೀಳದಂತೆ ಮಾಡಬೇಕು. ಪೈಪುಗಳು ಸೇರುವ ಜಾಗದ ಹಿಂದೆ ಗೇರ್‌ಬಾಕ್ಸ್‌ನ ಬೋಲ್ಟ್‌ಗೆ ಒಂದು ಬ್ರ್ಯಾಕೆಟ್ ಕಟ್ಟಿ, ಪೈಪನ್ನು ಅದಕ್ಕೆ ಹಿಡಿಸಿ. ಬ್ರ್ಯಾಕೆಟ್‌ನ ರಂಧ್ರ ಉದ್ದನೆಯದಾಗಿರಲಿ, ಬಿಸಿಗೆ ಪೈಪು ಹಿಗ್ಗಲು ದಾರಿ ಬೇಕು. ಬ್ರ್ಯಾಕೆಟ್‌ನಿಂದ ಹಿಂದಕ್ಕೆ, ಸೈಲೆನ್ಸರ್‌ಗಿಂತ ಮೊದಲು, ಉಕ್ಕಿನ ಹೆಣಿಗೆಯ ಫ್ಲೆಕ್ಸಿಬಲ್ ತುಂಡೊಂದು ಬರಲಿ. ಆಗ ಮುಂದಿನ ಭಾಗ ಎಂಜಿನ್ನಿನೊಡನೆ ಹೊರಳುತ್ತದೆ, ಹಿಂದಿನ ಭಾಗ ಕಾರಿನ ಮೈಯೊಡನೆ ನಿಲ್ಲುತ್ತದೆ. ಬ್ರ್ಯಾಕೆಟ್ಟನ್ನು ಚಾಸಿಸ್‌ಗೆ ಕಟ್ಟಿದರೆ ಮಾತ್ರ ಹೊರಳುವ ಎಂಜಿನ್ ಆ ಪೈಪನ್ನು ಫ್ಲ್ಯಾಂಜ್ ಬಳಿಯೇ ಮುರಿಯುತ್ತದೆ.

ನಟ್‌ಗಳು ಹಿತ್ತಾಳೆಯವಾಗಿರಲಿ, ಇಂಚಿನ ಥ್ರೆಡ್‌ನವೇ ಆಗಿರಲಿ. ಮಿಲಿಮೀಟರ್ ನಟ್ಟನ್ನು ಒತ್ತಾಯದಿಂದ ತಿರುಗಿಸಿದರೆ ಸ್ಟಡ್ ಹಾಳಾಗುತ್ತದೆ. ಬಿಗಿಯುವಾಗ ಬ್ರ್ಯಾಕೆಟ್ ಸಡಿಲವಾಗಿಯೇ ಇರಲಿ, ಫ್ಲ್ಯಾಂಜನ್ನು ನಡುವಿನಿಂದ ಎರಡೂ ತುದಿಗಳ ಕಡೆಗೆ ಹಂತಹಂತವಾಗಿ ಬಿಗಿಯಿರಿ, ಬ್ರ್ಯಾಕೆಟ್ ಕೊನೆಗೆ. ಎಂಜಿನ್ ಒಮ್ಮೆ ಪೂರ್ತಿ ಕಾದು ತಣ್ಣಗಾದ ಮೇಲೆ ಎಲ್ಲ ನಟ್‌ಗಳಿಗೂ ಮತ್ತೆ ಸ್ಪ್ಯಾನರ್ ಹಾಕಿ.